ಒಂದು ಗುಟುಕು ಕಾಫಿ

ಆಗ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ವಾರ್ಡಿನ ಆರನೇ ಮಂಚಕ್ಕೆ ಲಕ್ವ ಹೊಡೆದ ಅಜ್ಜರೊಬ್ಬರು ಬಂದಿದ್ದರು. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲು. ಬೆಳಗ್ಗೆ ಅವರ ಮಗಳು ಫ್ಲಾಸ್ಕ್ ಹಿಡಿದು, "ಸಿಸ್ಟರ್, ಅಪ್ಪನಿಗೆ ಕಾಫಿ ಇಲ್ಲದೆ ಬೆಳಗಾಗೋದಿಲ್ಲ, ಒಂದು ಗುಟುಕು ಕೊಡಲಾ?" ಎಂದಳು. ಕೇಸ್ ಶೀಟಿನಲ್ಲಿ ಬೇಡವೆಂದು ಬರೆದಿರಲಿಲ್ಲ. "ಕೊಡಿ" ಎಂದೆ. ಅಜ್ಜ ಕೆಮ್ಮಲಿಲ್ಲ, ಖುಷಿಯಿಂದಲೇ ಕುಡಿದರು. ಆಮೇಲೆ ದನಿ ಮಾತ್ರ ಗೊರಗೊರ ಅನ್ನುತ್ತಿತ್ತು. ಕಫ ಇರಬೇಕು ಅಂದುಕೊಂಡೆ. ಮೂರನೆಯ ದಿನ ಜ್ವರ, ನ್ಯುಮೋನಿಯಾ. ಹನ್ನೊಂದನೆಯ ದಿನ ಅಜ್ಜ ತೀರಿಕೊಂಡರು.

ಕಾಫಿಯೇ ಕಾರಣವೆಂದು ಯಾರೂ ಹೇಳಲಿಲ್ಲ. ಹಾಗೆ ಹೇಳಲು ಬರುವುದೂ ಇಲ್ಲ. ಇಂಥವರಿಗೆ ಸ್ವಂತ ಜೊಲ್ಲೇ ಶ್ವಾಸನಾಳಕ್ಕೆ ಇಳಿಯಬಹುದು. ಆದರೂ ಆ 'ಕೊಡಿ' ನನ್ನನ್ನು ಬಿಟ್ಟಿಲ್ಲ. ಗಂಟಲಿನ ಸ್ಪರ್ಶ ಮಂದವಾದಾಗ, ಕುಡಿದದ್ದು ಶ್ವಾಸಕೋಶಕ್ಕೆ ಹೋದರೂ ಕೆಮ್ಮು ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈಗ ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದು ಇದನ್ನೇ. ರೋಗಿ ಎಚ್ಚರವಾಗಿದ್ದಾರೆಯೇ, ನೆಟ್ಟಗೆ ಕೂರಬಲ್ಲರೇ, ಜೊಲ್ಲು ಸುರಿಯುತ್ತಿದೆಯೇ, ಕೇಳಿದರೆ ಕೆಮ್ಮಬಲ್ಲರೇ ನೋಡಿ. ಆಮೇಲೆ ಒಂದೊಂದೇ ಚಮಚ ನೀರು. ಪ್ರತಿ ಸಲವೂ 'ಆ' ಅನ್ನಿಸಿ. ಅದು ಸರಿಯಿದ್ದರೆ 90 ಮಿಲಿಲೀಟರ್ ನೀರನ್ನು ನಿಲ್ಲಿಸದೆ ಕುಡಿಸಿ ನೋಡುವ ಕ್ರಮವಿದೆ. ಕೆಮ್ಮು ಬಂದರೆ, ದನಿ ಒದ್ದೆಯಾದರೆ, ಬಾಯಿಗೆ ಏನೂ ಕೊಡಕೂಡದು, ಮಾತ್ರೆಯನ್ನೂ. ಮುಂದಿನ ಪರೀಕ್ಷೆ ವಾಕ್ ಚಿಕಿತ್ಸಕರದು. ಆದರೆ ರಾತ್ರಿ ಎರಡು ಗಂಟೆಗೆ ಮಂಚದ ಪಕ್ಕ ಇರುವವರು ನರ್ಸ್ ತಾನೇ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಘಟಕಗಳಲ್ಲಿ ನಡೆದ ಅಧ್ಯಯನವೊಂದು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಜ್ವರ, ಸಕ್ಕರೆ, ನುಂಗುವಿಕೆ, ಈ ಮೂರನ್ನೂ ನರ್ಸುಗಳು ಕ್ರಮವಾಗಿ ನೋಡಿಕೊಂಡ ಕಡೆ, 90 ದಿನಗಳ ನಂತರ ಸತ್ತವರು ಇಲ್ಲವೇ ಪರಾಧೀನರಾದವರು, ಒಟ್ಟಾಗಿ ನೋಡಿದರೆ, ಕಡಿಮೆ.

ಪರೀಕ್ಷೆಯಲ್ಲಿ ಇದನ್ನೆಲ್ಲ ಹುಡುಗಿಯರು ಚೆನ್ನಾಗಿಯೇ ಬರೆಯುತ್ತಾರೆ. ಕಷ್ಟವಿರುವುದು ವಾರ್ಡಿನಲ್ಲಿ, ಮನೆಯವರೆದುರು 'ಬೇಡ' ಎನ್ನುವುದರಲ್ಲಿ. ಹೋದ ತಿಂಗಳು ಎರಡನೇ ವರ್ಷದ ಹುಡುಗಿಯೊಬ್ಬಳು ಗಂಜಿಯ ಲೋಟಕ್ಕೆ ಕೈ ಅಡ್ಡ ಹಿಡಿದಳು. "ನಮ್ಮಮ್ಮನಿಗೆ ಗಂಜಿ ಕುಡಿಸೋಕೂ ನಿನ್ನ ಅಪ್ಪಣೆ ಬೇಕೇನಮ್ಮಾ?" ಎಂದು ಮಗ ರೇಗಿದ.

"ಐದೇ ನಿಮಿಷ ಅಣ್ಣಾ" ಎಂದವಳೇ ಚಮಚದಲ್ಲಿ ನೀರು ಕೊಟ್ಟಳು. "ಅಜ್ಜೀ, 'ಆ' ಅನ್ನಿ."

ಎರಡನೇ ಚಮಚಕ್ಕೆ ಅಜ್ಜಿಯ ದನಿ ಗೊರಗೊರ ಅಂದಿತು. ಹುಡುಗಿ ನನ್ನ ಕಡೆ ತಿರುಗಿದಳು. ಮಗ ತಾನಾಗಿಯೇ ಲೋಟವನ್ನು ಕಿಟಕಿಯಲ್ಲಿಟ್ಟ.