ಇಮೇಲ್ ಮನೆ ಬದಲು

ಇಮೇಲನ್ನು ಪ್ರೋಟಾನ್‌ಗೆ ಸಾಗಿಸುತ್ತಿದ್ದೇನೆ. ಅಮ್ಮನ ರಕ್ತಪರೀಕ್ಷೆಯ ವರದಿ, ಸಂಬಳದ ಚೀಟಿ, ಗೆಳತಿ ಅತ್ತುಕೊಂಡು ಬರೆದ ಪತ್ರ, ಇವನ್ನೆಲ್ಲ ಕಂಪನಿಯೊಂದು ಬೇಕೆಂದಾಗ ತೆರೆಯಬಹುದಾದ ಜಾಗದಲ್ಲಿ ಇಡಲು ನನಗೆ ಮನಸ್ಸಿಲ್ಲ.

ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಶುರುಮಾಡಿದ ಸೇವೆ ಪ್ರೋಟಾನ್. ಅಲ್ಲಿ ಕೂತ ಪತ್ರದ ಒಡಲನ್ನು ಅವರೇ ಓದಲಾರರು. ಬಿಚ್ಚುವ ಕೀಲಿ ನಮ್ಮ ಪಾಸ್‌ವರ್ಡ್‌ನಲ್ಲಿದೆ. ಸಬ್ಜೆಕ್ಟ್ ಸಾಲಿಗೆ ಮಾತ್ರ ಅಷ್ಟು ಕಾವಲಿಲ್ಲ. ಜರ್ಮನಿಯ ಟೂಟಾ ಎಂಬ ಇಮೇಲ್ ಸೇವೆ ಅದನ್ನೂ ಮುಚ್ಚುತ್ತದೆ. ಇನ್ನು ಜಿಮೇಲ್ ಇರುವವರಿಗೆ ಮಾಮೂಲಿನಂತೆ ಬರೆದರೆ ಒಂದು ಪ್ರತಿ ಗೂಗಲ್ ಬಳಿ ಉಳಿದೇ ಉಳಿಯುತ್ತದೆ. ಅದಕ್ಕೇ ಮನೆಯವರನ್ನೂ ಕರೆಯುತ್ತಿದ್ದೇನೆ.

ನೀವೂ ಹೊರಡುವುದಾದರೆ ಹಳೆಯ ಖಾತೆಯನ್ನು ಕೂಡಲೇ ಅಳಿಸಬೇಡಿ. ಬ್ಯಾಂಕು, ಆಧಾರ್, ಪಿಎಫ್ ಎಲ್ಲೆಡೆ ಇಮೇಲ್ ವಿಳಾಸ ತಿದ್ದುವವರೆಗೆ ಅವರ ಇಮೇಲ್‌ಗಳು ಅಲ್ಲಿಗೇ ಬರುತ್ತವೆ.