‘ಓಡುತ್ತಿಲ್ಲ’ ಎಂದರೆ ಸಾಲದು

ಸಂಘ ಸಂಸ್ಥೆಗಳಿಗೆ ಈಗ ಮನೆಗಳು ಎರಡು. ಒಂದು ಇಟ್ಟಿಗೆ ಗಾರೆಯದು. ಅದರ ಸೂರು ಸೋರಿದರೆ ಗಾರೆಯವನನ್ನು ಕರೆಯುತ್ತೇವೆ. ಅವನು ಏಣಿ ಹತ್ತಿ ಕಣ್ಣಾರೆ ನೋಡುತ್ತಾನೆ. ಇನ್ನೊಂದು ಜಾಲತಾಣ. ಅದು ಕೆಟ್ಟರೆ ಸರಿಪಡಿಸುವವನು ಯಾವ ಊರಿನಲ್ಲಿದ್ದಾನೋ! ನಾವು ಬರೆದು ಕಳಿಸಿದ ನಾಲ್ಕು ಸಾಲೇ ಅವನಿಗೆ ಕಣ್ಣು.

ಮುಂಬಯಿಯ ನಮ್ಮ ಪುಟ್ಟ ಸಂಘದ ತಾಣಕ್ಕೆ ಎರಡು ವರ್ಷಗಳ ಹಿಂದೆ ಇಂಥದೊಂದು ಗಂಡಾಂತರ ಒದಗಿತು. ಗಿರಣಿಗಳಲ್ಲಿ ದುಡಿದ, ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರ ನೆನಪುಗಳನ್ನು ಸದಸ್ಯರೊಬ್ಬರು ಮನೆಮನೆಗೆ ಹೋಗಿ ಕೇಳಿ, ಬೆರಳಚ್ಚು ಮಾಡಿ ಅಲ್ಲಿ ಸೇರಿಸಿದ್ದರು. ಹೇಳಿದವರಲ್ಲಿ ಹೆಚ್ಚಿನವರು ಇಂದಿಲ್ಲ, ಬರೆದುಕೊಂಡವರೂ ಇಲ್ಲ. ಕಾಗದದ ಮೇಲೆ ಒಂದು ಪ್ರತಿಯೂ ಇರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇವೆ, ಕನ್ನಡವೆಲ್ಲ ಮಾಯ! ಪುಟದ ತುಂಬ ಗೆರೆ ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳ ಸಂತೆ.

ಕೋಶಾಧಿಕಾರಿಗಳು ತಾಣಕ್ಕೆ ಜಾಗ ಬಾಡಿಗೆ ಕೊಟ್ಟ ಕಂಪನಿಗೆ ಒಡನೆಯೇ ಬರೆದರು: “ನಮ್ಮ ವೆಬ್‌ಸೈಟ್ ಓಡುತ್ತಿಲ್ಲ. ತುರ್ತಾಗಿ ಸರಿಪಡಿಸಿ.” ಉತ್ತರ ಬಂತು: “ನಮ್ಮಲ್ಲಿ ಓಡುತ್ತಿದೆ.” ಸಿಟ್ಟಿನಿಂದ ಮತ್ತೆ ಬರೆದರು. “ಬ್ರೌಸರ್ ಬದಲಿಸಿ ನೋಡಿ” ಎಂದು ಮರುತ್ತರ. ಐದು ದಿನ ಇದೇ ಕಥೆ. ತಾಣ ಕಟ್ಟಿಕೊಟ್ಟ ಹುಡುಗ ಕಂಪನಿಯತ್ತ ಬೆರಳು ತೋರಿದ, ಕಂಪನಿ ಹುಡುಗನತ್ತ.

ಆಗ ನೆರವಿಗೆ ಬಂದವಳು ಸದಸ್ಯರೊಬ್ಬರ ಮಗಳು. ಇಂಥ ದೂರುಗಳಿಗೆ ಉತ್ತರ ಬರೆಯುವುದೇ ಅವಳ ನೌಕರಿ. “ಅಂಕಲ್, ‘ಓಡ್ತಾ ಇಲ್ಲ’ ಅನ್ನೋದು ನಿಮ್ಮ ತೀರ್ಮಾನ. ನಿಮಗೆ ಏನು ಕಾಣಿಸ್ತು, ಅದನ್ನ ಬರೀರಿ” ಎಂದಳು. ಇಂಗ್ಲೆಂಡಿನ ತಂತ್ರಾಂಶಕಾರ ಸೈಮನ್ ಟ್ಯಾಥಮ್ 1999ರಲ್ಲೇ ಒಂದು ಪ್ರಬಂಧ ಬರೆದು ಇದನ್ನೇ ಹೇಳಿದ್ದಾರೆ: ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಸ್ಪಷ್ಟವಿರಲಿ, ಊಹೆಯನ್ನು ಬಿಟ್ಟರೂ ಕಂಡದ್ದನ್ನು ಬಿಡಬೇಡಿ.

ಹೊಸ ಪತ್ರ ಸಿದ್ಧವಾಯಿತು. ಯಾವ ಪುಟ, ಅದರ ಪೂರ್ಣ ವಿಳಾಸ. ಯಾವ ದಿನ, ಎಷ್ಟು ಗಂಟೆಗೆ ನೋಡಿದ್ದು. ಭಾರತೀಯ ಕಾಲಮಾನವೆಂದು ಬೇರೆ ಹೇಳಿ, ಏಕೆಂದರೆ ಸರ್ವರುಗಳ ಗಡಿಯಾರ ಎಷ್ಟೋ ಸಲ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ಕಾಣಬೇಕಾದದ್ದೇನು, ಕಂಡದ್ದೇನು. ಎರಡು ಫೋನು, ಒಂದು ಕಂಪ್ಯೂಟರಿನಲ್ಲಿ ನೋಡಿದರೂ ಅದೇ ಗತಿ. ಇಂಗ್ಲಿಷ್ ಪುಟಗಳು ಮಾತ್ರ ನೆಟ್ಟಗಿವೆ. ಹಿಂದಿನ ರಾತ್ರಿ ಕಂಪನಿಯೇ ತಾಣವನ್ನು ಹೊಸ ಸರ್ವರಿಗೆ ಸಾಗಿಸಿತ್ತು. ಕೊನೆಗೆ ಒಂದು ಪ್ರಶ್ನೆ: ಸಾಗಿಸುವ ಮುಂಚಿನ ನಕಲು ನಿಮ್ಮಲ್ಲಿ ಎಷ್ಟು ದಿನ ಇರುತ್ತದೆ? ಇಷ್ಟನ್ನೂ ಹಳೆಯ ದೂರಿನ ಸಂಖ್ಯೆಯ ಅಡಿಯಲ್ಲೇ ಕಳಿಸಿದೆವು. ಪಾಸ್‌ವರ್ಡ್ ಮಾತ್ರ ಬರೆಯಲಿಲ್ಲ; ಅದನ್ನು ಪತ್ರದಲ್ಲಿ ಯಾರು ಕೇಳಿದರೂ ಕೊಡಬಾರದು.

ಆ ಪುಟಗಳನ್ನು ತಿದ್ದಿ ಉಳಿಸಲು ಹೋಗಬೇಡಿ ಎಂದೂ ಹುಡುಗಿ ಎಚ್ಚರಿಸಿದ್ದಳು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ‘ಕ’ಕಾರ ಮೂರು ಬೈಟುಗಳಾಗಿ ಶೇಖರವಾಗುತ್ತದೆ. ಅವನ್ನು ಪಾಶ್ಚಾತ್ಯ ಲಿಪಿಯ ಪಟ್ಟಿ ಹಿಡಿದು ಓದಿದರೆ ಒಂದಕ್ಷರ ಮೂರು ವಿಚಿತ್ರ ಚಿಹ್ನೆಗಳಾಗುತ್ತದೆ. ಹಾಗೆ ಕಂಡರೆ ಮೂಲ ಉಳಿದಿರುವ ಆಸೆಯುಂಟು. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಅಕ್ಷರ ಅಳಿದಿರುವ ಭಯ ಹೆಚ್ಚು. ಆಗ ನಕಲೇ ಗತಿ.

ಮರುದಿನವೇ ತಂತ್ರಜ್ಞನೊಬ್ಬನ ಉತ್ತರ ಬಂತು. ಹೊಸ ಸರ್ವರು ಡೇಟಾಬೇಸನ್ನು ತಪ್ಪು ಅಕ್ಷರಪಟ್ಟಿಯಿಂದ ಓದುತ್ತಿತ್ತು. ಹಳೆಯ ನಕಲು ಉಳಿಯುವುದು ಏಳೇ ದಿನ, ಅಂದು ಆರನೆಯದು! ಸಂಜೆಯ ಹೊತ್ತಿಗೆ ಹಿರಿಯರ ಮಾತು ಕನ್ನಡದಲ್ಲಿ ಮರಳಿತು.

ಯಾವ ಬಾಗಿಲು ತಟ್ಟಬೇಕೆಂಬುದೂ ಮುಖ್ಯ. ತಾಣದ ಹೆಸರಿನ ನೋಂದಣಿ ಒಬ್ಬರಲ್ಲಿ, ಜಾಗ ಇನ್ನೊಬ್ಬರದು, ಕಟ್ಟಿದವರು ಮತ್ತೊಬ್ಬರು. ವಿಳಾಸವೇ ಸಿಗದಿದ್ದರೆ ಮೊದಲು ನೋಂದಣಿಯ ಅವಧಿ ನೋಡಿ. 404 ಎಂದರೆ ಸರ್ವರ್ ಇದೆ, ಕೇಳಿದ ಪುಟವಿಲ್ಲ. 500 ಎಂದರೆ ಸರ್ವರಿನೊಳಗೇ ಏನೋ ಮುಗ್ಗರಿಸಿದೆ. ಅದರ ದಾಖಲೆ ಪರಿಶೀಲಿಸಲು ಕೇಳಿ. ಕಂಡ ಸಂಖ್ಯೆಯನ್ನು ಪತ್ರದಲ್ಲಿ ಹಾಗೆಯೇ ಬರೆಯಿರಿ.

ಈಗ ಪ್ರತಿ ತಿಂಗಳೂ ಇಡೀ ತಾಣದ ನಕಲೊಂದು ನಮ್ಮ ಸಂಘದ ಕಪಾಟು ಸೇರುತ್ತದೆ. ಜತೆಗೊಂದು ಹಾಳೆ: ಹೆಸರು ಯಾರಲ್ಲಿ, ಜಾಗ ಯಾರಲ್ಲಿ, ಅವಧಿ ಎಂದಿಗೆ ಮುಗಿಯುತ್ತದೆ. ನಿಮ್ಮ ಸಂಘದಲ್ಲಿಯೂ ಅಂಥ ಹಾಳೆ ಇದೆಯೇ ಎಂದು ಬರುವ ಸಭೆಯಲ್ಲಿ ಒಮ್ಮೆ ವಿಚಾರಿಸಿ.