ಉಪ್ಪರಿಗೆಯ ಪ್ರೇಕ್ಷಕರು

ಬಾದಾಮಿಯ ಮೇಣಬಸದಿಗೆ ಹೋದವರು ಮೂರನೆಯ ಗವಿಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವನ್ನೂ ನರಸಿಂಹನನ್ನೂ ಕಣ್ತುಂಬ ನೋಡಿ ಹಿಂದಿರುಗುವರು. ಪಡಸಾಲೆಯ ಮುಂದೆ ಬಾಗಿ ಚಾಚಿದ ಕಪೋತದ ಒಳಮೈಯನ್ನು ಕತ್ತೆತ್ತಿ ನೋಡುವವರು ವಿರಳ. ಅಲ್ಲಿ ಬಣ್ಣದ ಚಿತ್ರಗಳು ಅಷ್ಟಿಷ್ಟು ಉಳಿದಿವೆ. ಮಂಗಳೇಶನು ತನ್ನ ಅಣ್ಣನಾದ ಕೀರ್ತಿವರ್ಮನ ಆಳಿಕೆಯಲ್ಲಿ, ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಈ ಗವಿಯನ್ನು ವಿಷ್ಣುವಿಗೆ ಅರ್ಪಿಸಿದನೆಂಬದು ಶಾಸನದಿಂದ ತಿಳಿಯುತ್ತದೆ. ಅದರ ಚಿತ್ರಗಳ ವಿಷಯವಾಗಿ 1936ರಲ್ಲಿ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದವರು ಸ್ಟೆಲ್ಲಾ ಕ್ರಾಮ್‌ರಿಶ್ ಎಂಬ ವಿದುಷಿ.

ಅವುಗಳಲ್ಲೊಂದು ಅರಮನೆಯ ನೃತ್ಯಸಭೆ. ನಡುವೆ ಒಡೆಯನು ಆರಾಮವಾಗಿ ಕುಳಿತಿದ್ದಾನೆ, ಕುಣಿಯುವ ಜೋಡಿಯೊಂದಿದೆ, ವಾದ್ಯ ನುಡಿಸುವ ಹೆಂಗಸರಿದ್ದಾರೆ, ಮೇಲೆ ಉಪ್ಪರಿಗೆಯಿಂದ ಕೆಲವು ಮುಖಗಳು ಇಣಿಕುತ್ತಿವೆ. ಒಡೆಯನು ಇಂದ್ರನೆಂದು ಸಿ. ಶಿವರಾಮಮೂರ್ತಿಗಳ ಮತ. ಇದ್ದೀತು. ಆದರೆ ಅಮರಾವತಿಗೆ ಹೋಗಿ ಬಂದ ಚಿತ್ರಗಾರನಾದರೂ ಯಾವನು? ಅವನು ಕಂಡದ್ದು ಚಾಲುಕ್ಯರ ಸಭೆ, ಬರೆದದ್ದೂ ಅದನ್ನೇ.

ಆಟ ನೋಡುವವರನ್ನು ನೋಡುವದು ಆಟಕ್ಕಿಂತ ಸೊಗಸೆಂಬದನ್ನು ಎಲ್ಲ ದೇಶದ ಕಲೆಗಾರರೂ ಬಲ್ಲರು. ಫ್ರಾನ್ಸಿನ ಓನೊರೆ ದೋಮಿಯೇ (1808–1879) ಪ್ಯಾರಿಸಿನ ನಾಟಕಗೃಹಗಳಲ್ಲಿ ರಂಗಕ್ಕೆ ಬೆನ್ನು ತಿರುಗಿಸಿದವನಂತೆ ಪ್ರೇಕ್ಷಕರನ್ನೇ ಬರೆದನು. ಆಕಳಿಸುವವರು, ತೂಕಡಿಸುವವರು, ಬಾಯಿಬಿಟ್ಟು ಕುಳಿತವರು—ಯಾರನ್ನೂ ಅವನು ಬಿಡಲಿಲ್ಲ. ಅರಸನನ್ನೇ ಹೊಟ್ಟೆಬಾಕನನ್ನಾಗಿ ಬರೆದುದಕ್ಕೆ 1832ರಲ್ಲಿ ಸೆರೆಮನೆಯನ್ನೂ ಕಂಡನು. ದೊಡ್ಡವರ ನಗೆ ಬೇರೆ, ದೊಡ್ಡವರನ್ನು ಕುರಿತ ನಗೆ ಬೇರೆ; ಎರಡನೆಯದಕ್ಕೆ ಬೆಲೆ ತೆರಬೇಕಾಗುತ್ತದೆ.

ಬಾದಾಮಿಯ ಚಿತ್ರಗಾರನೂ ಹೀಗೆ ನಕ್ಕನೆಂದು ಹಠ ಹಿಡಿಯುವದು ಅನ್ಯಾಯ. ಅವನ ಸಭೆ ಗಂಭೀರವಾಗಿದೆ, ಸುಂದರವಾಗಿದೆ. ಆದರೆ ಅದೇ ಗವಿಯ ಅಡಿಪೀಠಕ್ಕೆ ಬರೋಣ. ಅಲ್ಲಿ ಡೊಳ್ಳುಹೊಟ್ಟೆಯ ಕುಳ್ಳ ಗಣಗಳು ಸಾಲುಗಟ್ಟಿವೆ. ಅವೂ ಕುಣಿಯುತ್ತವೆ, ಅವೂ ಬಾರಿಸುತ್ತವೆ. ಕಾಲು ಸೊಟ್ಟ, ಕೈ ಸೊಟ್ಟ, ಮೋರೆಯಲ್ಲಿ ಕುಚೋದ್ಯ. ಶಿಲ್ಪಿಯ ಉದ್ದೇಶ ಏನೇ ಇರಲಿ, ಮೇಲಿನ ಸಭೆಯನ್ನು ನೋಡಿ ಕೆಳಗಿಳಿದ ಕಣ್ಣಿಗೆ ಇವು ಅದರ ಅಣಕದಂತೆಯೇ ತೋರುತ್ತವೆ. ಮೇಲೆ ಒಡೆಯನಿಗಾಗಿ ಕುಣಿತ. ಕೆಳಗೆ ತಮ್ಮ ಖುಷಿಗೆ ತಾವೇ ಕುಣಿಯುವವರು!

ಈ ಸೀಮೆಯ ಜನಕ್ಕೆ ಇಂಥ ನಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಸತ್ಯಭಾಮೆ ಬಿಂಕದಿಂದ ಬಂದು ನಿಂತರೆ ಭಾಗವತನು ಅವಳನ್ನು ಮಾತಿನಲ್ಲಿ ಕೆಣಕದೆ ಬಿಡುವದಿಲ್ಲ. ಅರಮನೆಯ ಮುನಿಸು ನೆಲದ ಮೇಲೆ ಕುಳಿತವರ ನಗೆಯಾಗುವದು. ಉಪ್ಪರಿಗೆಯಲ್ಲಿ ಕುಳಿತು ನೋಡುವ ಆಟವಲ್ಲ ಅದು.

ಚಿತ್ರದ ಬಣ್ಣ ಈಗ ಬಹುಮಟ್ಟಿಗೆ ಅಳಿದಿದೆ. ಉಪ್ಪರಿಗೆಯ ಮುಖಗಳನ್ನು ಗುರುತಿಸಬೇಕಾದರೆ ಕತ್ತು ನೋಯುವವರೆಗೆ ನಿಲ್ಲಬೇಕು. ಗಣಗಳನ್ನು ಕಾಣಲು ಅಂಗಳದಲ್ಲಿ ನಿಂತು ತುಸು ಬಗ್ಗಿದರೆ ಸಾಕು.